ಲಸಿಕೆ ಬೇಡ ಅಂದವರೇ ಆಮೇಲೆ ಸಾಲಿನಲ್ಲಿ ನಿಂತದ್ದು ಯಾಕೆ?

2021ರಲ್ಲಿ ಉಡುಪಿಯಲ್ಲಿ ಕಂಡದ್ದನ್ನೇ ಹೇಳುತ್ತೇನೆ. ಮಾರ್ಚ್ 1ರಂದು 60 ದಾಟಿದವರಿಗೆ ಕೋವಿಡ್ ಲಸಿಕೆ ಶುರುವಾದಾಗ ನಮ್ಮ ದೊಡ್ಡಮ್ಮ ಹೋಗಲೇ ಇಲ್ಲ. ‘ಅಂಗಳ ದಾಟದವಳಿಗೆ ಅದೆಂತಕ್ಕೆ ಮಾರಾಯಾ?’ ಅಂದರು. ಅವರೇನು ಲಸಿಕೆಯ ವಿರೋಧಿ ಅಲ್ಲ, ಮೊಮ್ಮಕ್ಕಳಿಗೆಲ್ಲ ಪೋಲಿಯೋ ಹನಿ ಹಾಕಿಸಿದವರೇ. ಆಗ ಕಾಯಿಲೆ ದೂರ ಇತ್ತು, ಚುಚ್ಚಿದ ಮೇಲೆ ಬರುವ ಜ್ವರ ಹತ್ತಿರ ಇತ್ತು, ಅಷ್ಟೇ. ವಾಟ್ಸಾಪ್ ಸುದ್ದಿಗಳು ಬೇರೆ.

ಏಪ್ರಿಲ್ ಕೊನೆಗೆ ಎರಡನೇ ಅಲೆ ನೆರೆಕರೆಗೇ ಬಂತು. ಲೆಕ್ಕ ತಿರುಗಿತು. ಆದರೆ ಮೇ 1ರಿಂದ 18 ದಾಟಿದವರಿಗೂ ಅವಕಾಶ ಕೊಟ್ಟಾಗ ಲಸಿಕೆಯೇ ಸಾಕಾಗಲಿಲ್ಲ. ಲಸಿಕೆಗೆ ಹೆಸರು ನೋಂದಾಯಿಸುವ ಸರ್ಕಾರಿ ಜಾಲತಾಣ ಕೋವಿನ್‌ನಲ್ಲಿ ಸ್ಲಾಟ್ ತೆರೆದ ಕೂಡಲೇ ಖಾಲಿ. ಸಿಗದ್ದಕ್ಕೇ ಆಸೆ ಜಾಸ್ತಿ, ಅಲ್ವಾ? ಮೇ 13ರಂದು ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರವನ್ನು 12–16 ವಾರಗಳಿಗೆ ಏರಿಸಿದರು. ಬ್ರಿಟನ್‌ನ ಅನುಭವ ನೋಡಿ ಮಾಡಿದ್ದು ಎಂದು ಸರ್ಕಾರ ಹೇಳಿತು. ‘ಸ್ಟಾಕ್ ಇಲ್ಲ, ಅದಕ್ಕೇ’ ಎಂದರು ನಮ್ಮ ನೆರೆಕರೆಯವರು.

ದೊಡ್ಡಮ್ಮನನ್ನು ಒಪ್ಪಿಸಿದ್ದು ಆಶಾ ಕಾರ್ಯಕರ್ತೆ. ಸುಮ್ನೆ ಭಾಷಣ ಮಾಡಲಿಲ್ಲ. ‘ನಾನೂ ಹಾಕಿಸಿಕೊಂಡೆ, ಒಂದು ದಿನ ಮೈಕೈ ನೋವು, ಮರುದಿನ ಕೆಲಸಕ್ಕೆ ಬಂದೆ’ ಎಂದರು. ಮಾರನೇ ದಿನ ದೊಡ್ಡಮ್ಮ ಒಳ್ಳೆಯ ಸೀರೆ ಉಟ್ಟು ಹೊರಟರು.