ಕಮಾಂಡ್ ಏನು ಮಾಡುತ್ತದೆ ಅಂತ ಹೇಳುವ ಪುಟ್ಟ ಟೂಲ್ ನೋಡಿಕೊಳ್ಳುವುದರಲ್ಲಿ ಏನು ಕೆಲಸ ಇರುತ್ತದೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ವಿಜಯಪುರದಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೀರಿ. ಸೀನಿಯರ್ ಒಬ್ಬರು ಬರೆದ, ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) ಓಡುವ ಟೂಲ್ ಈಗ ನಿಮ್ಮ ಕೈಗೆ ಬರುತ್ತಿದೆ. ಪ್ರೋಗ್ರಾಮಿನ ಹೆಸರು ಕೊಟ್ಟರೆ ಅದು ಏನು ಮಾಡುತ್ತದೆ ಅಂತ ಒಂದು ಸಾಲಿನಲ್ಲಿ ಕನ್ನಡದಲ್ಲಿ ಹೇಳುತ್ತದೆ. "ಕೋಡ್ ಇರುವುದೇ ನಾನೂರು ಸಾಲು. ಇದರಲ್ಲಿ ನೋಡಿಕೊಳ್ಳುವುದು ಏನಿದೆ? ಒಪ್ಪಿಕೊಳ್ಳಲಾ?" ಅಂತ ಕೇಳಿದ್ದೀರಿ.

ಒಪ್ಪಿಕೊಳ್ಳಿ. ಕೋಡ್ ಸಣ್ಣದು ನಿಜ. ಕೆಲಸ ಇರುವುದು ಅದು ತೋರಿಸುವ ಆ ಒಂದು ಸಾಲಿನಲ್ಲಿ. ಆ ಸಾಲು ಎಲ್ಲಿಂದ ಬಂತು, ಅದು ನಿಜಾನಾ, ಓದಿದವರು ಅದನ್ನು ಹೇಗೆ ತಿಳಿದುಕೊಳ್ಳುತ್ತಾರೆ ಅಂತ ಕಾಯಬೇಕು. ನಾನು ಬಾಗಲಕೋಟೆಯ ನವನಗರದಲ್ಲಿ ಇರುತ್ತೇನೆ. ಇಂಥದ್ದೇ ಒಂದು ಟೂಲನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ವಾರಕ್ಕೆ ಒಂದೆರಡು ಸಂಜೆ ಹಿಡಿಯುತ್ತದೆ. ಅದರಲ್ಲಿ ಕೋಡ್ ಬರೆಯುವುದು ಬಹಳ ಕಡಿಮೆ.

ಮೊದಲು ನಿಮ್ಮ ಟೂಲಿನ ಹಿರಿಯರನ್ನು ಪರಿಚಯ ಮಾಡಿಕೊಳ್ಳಿ. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ಮೊದಲ ಕೈಪಿಡಿ ಬಂದದ್ದು 1971ರ ನವೆಂಬರ್ 3ರಂದು, ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರಿಂದ. ಪ್ರತಿ ಕಮಾಂಡಿಗೂ ಒಂದು ಪುಟ, ಪುಟದ ತಲೆಯಲ್ಲಿ ಹೆಸರು ಮತ್ತು ಒಂದು ಸಾಲಿನ ವಿವರಣೆ. ಆಮೇಲೆ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಆದ ಬಿಎಸ್‌ಡಿಯಲ್ಲಿ ವಾಟ್‌ಈಸ್ ಮತ್ತು ಅಪ್ರೊಪೋ ಅನ್ನುವ ಎರಡು ಕಮಾಂಡ್ ಬಂದವು. ಹೆಸರು ಗೊತ್ತಿದ್ದು ಕೆಲಸ ಗೊತ್ತಿಲ್ಲದಿದ್ದರೆ ವಾಟ್‌ಈಸ್. ಕೆಲಸ ಗೊತ್ತಿದ್ದು ಹೆಸರು ಗೊತ್ತಿಲ್ಲದಿದ್ದರೆ ಅಪ್ರೊಪೋ. ಇವತ್ತು ಉಬುಂಟು, ಡೆಬಿಯನ್ ಅನ್ನುವ ಲಿನಕ್ಸ್‌ಗಳಲ್ಲಿ ಇವೆರಡೂ ಮ್ಯಾನ್-ಡಿಬಿ ಅನ್ನುವ ಪ್ಯಾಕೇಜಿನಲ್ಲಿ ಬರುತ್ತವೆ. 2001ರಿಂದ ಕಾಲಿನ್ ವಾಟ್ಸನ್ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಎರಡು ದಶಕಕ್ಕೂ ಜಾಸ್ತಿ! ನನಗೆ ಬೇಸರ ಬಂದಾಗಲೆಲ್ಲ ಅವರನ್ನು ನೆನೆಯುತ್ತೇನೆ.

ಮ್ಯಾನ್-ಡಿಬಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಂಡರೆ ನಿಮಗೆ ಬರುವ ದೂರುಗಳಲ್ಲಿ ಅರ್ಧ ಅಲ್ಲೇ ಬಗೆಹರಿಯುತ್ತವೆ. ಅದು ಪ್ರತಿ ಮ್ಯಾನ್ ಪುಟದ, ಅಂದರೆ ಕೈಪಿಡಿಯ ಪುಟದ, 'ನೇಮ್' ಭಾಗ ಓದುತ್ತದೆ. ಅಲ್ಲಿ ಹೆಸರು, ನಡುವೆ ಅಡ್ಡಗೆರೆ, ಆಮೇಲೆ ವಿವರಣೆ ಇರಬೇಕು. ಇದನ್ನೆಲ್ಲ ಕೂಡಿಸಿ ಒಂದು ಸೂಚಿ ಮಾಡಿ ಇಟ್ಟುಕೊಳ್ಳುತ್ತದೆ. ಪುಟ ಬರೆದವರು ಆ ಅಡ್ಡಗೆರೆ ಮರೆತರೆ ವಿವರಣೆ ಸಿಗುವುದಿಲ್ಲ. ಪ್ರೋಗ್ರಾಂ ಇದೆ, ಪುಟ ಇದೆ, ಆದರೂ ವಾಟ್‌ಈಸ್ ಏನೂ ಇಲ್ಲ ಅನ್ನುತ್ತದೆ. ಹೀಗಾದಾಗ ಲೆಕ್ಸ್‌ಗ್ರಾಗ್ ಅನ್ನುವ ಕಮಾಂಡಿಗೆ ಆ ಪುಟ ಕೊಟ್ಟು ನೋಡಿ. ಸಾಲು ಹೊರಬರುತ್ತದೋ ಇಲ್ಲವೋ ಅಂತ ಅದು ಹೇಳುತ್ತದೆ. ತಪ್ಪು ಸಿಕ್ಕರೆ ನಿಮ್ಮ ಟೂಲಿನಲ್ಲಿ ತೇಪೆ ಹಾಕಬೇಡಿ. ಆ ಪ್ರೋಗ್ರಾಂ ಬರೆದವರಿಗೆ ತಿಳಿಸಿ. ಅವರು ಸರಿ ಮಾಡಿದರೆ ಎಲ್ಲರಿಗೂ ಸರಿಯಾಗುತ್ತದೆ.

ಶೆಲ್ (ನಾವು ಟೈಪ್ ಮಾಡಿದ ಕಮಾಂಡನ್ನು ಓಡಿಸುವ ಪ್ರೋಗ್ರಾಂ) ಒಳಗೇ ಇರುವ ಸಿಡಿಯಂಥ ಕಮಾಂಡುಗಳಿಗೆ ಎಲ್ಲ ಕಡೆ ಬೇರೆ ಪುಟ ಇರುವುದಿಲ್ಲ. ಬ್ಯಾಶ್ ಅನ್ನುವ ಶೆಲ್‌ನಲ್ಲಿ ಹೆಲ್ಪ್ ಕಮಾಂಡಿಗೆ ಹೈಫನ್ ಡಿ ಕೊಟ್ಟು ಕೇಳಿದರೆ ಅದರ ಒಂದು ಸಾಲಿನ ವಿವರಣೆ ಸಿಗುತ್ತದೆ. ನನಗೆ ಇದು ಗೊತ್ತಾಗಿದ್ದು ಮೂರನೇ ವರ್ಷಕ್ಕೆ. ಅಲ್ಲಿಯವರೆಗೆ ಆ ಸಾಲುಗಳನ್ನು ಸುಮ್ನೆ ಕೈಯಿಂದ ಬರೆಯುತ್ತಿದ್ದೆ.

ಒಂದೇ ಹೆಸರಿಗೆ ಎರಡು ಪುಟ ಇರುವುದೂ ಉಂಟು. ಕೈಪಿಡಿಯಲ್ಲಿ ನಂಬರ್ ಹಾಕಿದ ವಿಭಾಗಗಳಿವೆ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸಲು ಇರುವ ಕ್ರಾನ್‌ಟ್ಯಾಬ್ ಅಂದರೆ ಒಂದನೇ ವಿಭಾಗದಲ್ಲಿ ಕಮಾಂಡ್, ಐದನೇ ವಿಭಾಗದಲ್ಲಿ ಆ ಫೈಲಿನ ರೂಪ. ಪಾಸ್‌ವರ್ಡ್ ಕಮಾಂಡೂ ಹಾಗೆಯೇ. ಇದು ನಮಗೆ ಹೊಸದಲ್ಲ. ನವನಗರದಲ್ಲಿ ಮನೆ ನಂಬರ್ ಮಾತ್ರ ಹೇಳಿದರೆ ಯಾರೂ ದಾರಿ ತೋರಿಸುವುದಿಲ್ಲ, "ಯಾವ ಸೆಕ್ಟರ್?" ಅಂತ ಕೇಳುತ್ತಾರೆ. ನನ್ನ ಟೂಲ್ ಮೊದಲು ಸಿಕ್ಕಿದ್ದನ್ನು ತೋರಿಸಿ ಸುಮ್ಮನಾಗುತ್ತಿತ್ತು. ಈಗ ಎಲ್ಲವನ್ನೂ ವಿಭಾಗದ ನಂಬರಿನ ಜೊತೆ ತೋರಿಸುತ್ತದೆ.

ನವನಗರದ ಮಾತು ಬಂತಲ್ವಾ, ಇನ್ನೊಂದು ಹೇಳುತ್ತೇನೆ. ಆಲಮಟ್ಟಿ ಹಿನ್ನೀರು ಬಂದಾಗ ಹಳೆ ಬಾಗಲಕೋಟೆಯ ಎಷ್ಟೋ ಮನೆಗಳು ಮುಳುಗಿದವು. ಅಲ್ಲಿದ್ದವರು ಇಲ್ಲಿಗೆ ಬಂದರು. ಮನುಷ್ಯರು ಅವರೇ, ವಿಳಾಸ ಬೇರೆ. ಹಳೆ ವಿಳಾಸ ಹಿಡಿದು ಹುಡುಕಿದವರಿಗೆ ಅವರು ಸಿಗಲಿಲ್ಲ. ಲಿನಕ್ಸ್‌ನಲ್ಲೂ ಇಂಥ ಸ್ಥಳಾಂತರ ಆಗಿದೆ. ಮೊದಲು ಎಲ್‌ಎಸ್ ಥರದ ಕಮಾಂಡುಗಳು 'ಬಿನ್' ಫೋಲ್ಡರಿನಲ್ಲಿ ಇದ್ದವು. ಈಗ ಅವೆಲ್ಲ 'ಯುಎಸ್‌ಆರ್' ಒಳಗಿನ 'ಬಿನ್'ಗೆ ಹೋಗಿವೆ, ಹಳೆ ಜಾಗದಲ್ಲಿ ಒಂದು ಕೊಂಡಿ ಮಾತ್ರ ಉಳಿದಿದೆ. 2023ರಲ್ಲಿ ಬಂದ ಡೆಬಿಯನ್ 12ರಿಂದ ಈ ಹೊಸ ವ್ಯವಸ್ಥೆ ಕಡ್ಡಾಯ.

ಇದರಿಂದ ನಮಗೇನು ಅಂತೀರಾ? ಮ್ಯಾನ್ ಪುಟ ಸಿಗದಿದ್ದರೆ ನನ್ನ ಟೂಲ್ ಆ ಫೈಲ್ ಯಾವ ಪ್ಯಾಕೇಜಿನದು ಅಂತ ಡಿಪಿಕೆಜಿಯನ್ನು (ಡೆಬಿಯನ್‌ನಲ್ಲಿ ಪ್ಯಾಕೇಜುಗಳ ಲೆಕ್ಕ ಇಡುವ ಪ್ರೋಗ್ರಾಂ) ಕೇಳಿ, ಆ ಪ್ಯಾಕೇಜಿನ ವಿವರಣೆ ತೋರಿಸುತ್ತದೆ. ಶೆಲ್ ಹೇಳುತ್ತಿದ್ದದ್ದು ಹೊಸ ವಿಳಾಸ, ಡಿಪಿಕೆಜಿಯ ಪುಸ್ತಕದಲ್ಲಿ ಇದ್ದದ್ದು ಹಳೆಯದು. "ಇಂಥ ಫೈಲ್ ಯಾರದೂ ಅಲ್ಲ" ಅನ್ನುತ್ತಿತ್ತು. ನಮ್ಮ ಊರಿನ ಕತೆ ಗೊತ್ತಿದ್ದೂ ಈ ಬಗ್ ಹುಡುಕಲು ನನಗೆ ಎರಡು ವಾರ ಬೇಕಾಯಿತು. ಈಗ ಎರಡೂ ವಿಳಾಸದಲ್ಲಿ ಕೇಳುತ್ತದೆ. ನಿಮ್ಮದರಲ್ಲೂ ಇದನ್ನು ಮೊದಲೇ ನೋಡಿಕೊಳ್ಳಿ.

ಏನೂ ಸಿಗದಿದ್ದಾಗ ಏನು ಹೇಳಬೇಕು ಅನ್ನುವುದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಮೊದಲು ನನ್ನ ಟೂಲ್ ಹತ್ತಿರದ ಹೆಸರು ಹುಡುಕಿ ಅದರ ವಿವರಣೆ ತೋರಿಸುತ್ತಿತ್ತು. ಸಹಾಯ ಅಂದುಕೊಂಡಿದ್ದೆ. ಅದು ಸುಳ್ಳು ಹೇಳಿದ ಹಾಗೆ. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಅದನ್ನು ತೆಗೆದು ಹಾಕಿದೆ. ಈಗ "ಗೊತ್ತಿಲ್ಲ" ಅಂತ ನೇರ ಹೇಳುತ್ತದೆ, ಯಾಕೆ ಗೊತ್ತಿಲ್ಲ ಅಂತಲೂ ಹೇಳುತ್ತದೆ. ಪ್ರೋಗ್ರಾಂ ಇಲ್ಲದಿರುವುದು ಬೇರೆ, ಪ್ರೋಗ್ರಾಂ ಇದ್ದು ಪುಟ ಇಲ್ಲದಿರುವುದು ಬೇರೆ. ಡಾಕರ್‌ನ ಸ್ಲಿಮ್ ಇಮೇಜುಗಳಲ್ಲಿ (ಕುಗ್ಗಿಸಿದ ಪುಟ್ಟ ಲಿನಕ್ಸ್ ಕಟ್ಟುಗಳಲ್ಲಿ) ಜಾಗ ಉಳಿಸಲು ಮ್ಯಾನ್ ಪುಟಗಳನ್ನೇ ಬಿಟ್ಟಿರುತ್ತಾರೆ. ಅಲ್ಲಿ ಓಡಿಸಿದವರು ಟೂಲ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಒಂದು ಸಾಲು ವಿವರಿಸಿದರೆ ಅವರ ಒಂದು ಗಂಟೆ ಉಳಿಯುತ್ತದೆ.

ಇನ್ನು ಕನ್ನಡದ ವಿಷಯ. ನನಗೆ ಅತಿ ಪ್ರೀತಿಯ ಕೆಲಸ ಇದೇ.

ಫೈಲಿನಲ್ಲಿ ಪದ ಹುಡುಕುವ ಗ್ರೆಪ್‌ನ ಇಂಗ್ಲಿಷ್ ವಿವರಣೆಯಲ್ಲಿ 'ಪ್ರಿಂಟ್' ಅನ್ನುವ ಪದ ಇದೆ. ಫೈಲಿನಲ್ಲಿ ಇರುವುದನ್ನು ತೋರಿಸುವ ಕ್ಯಾಟ್‌ನಲ್ಲೂ ಇದೆ. ನಾನು ಶುರುವಿನಲ್ಲಿ 'ಮುದ್ರಿಸುತ್ತದೆ' ಅಂತ ಹಾಕಿದ್ದೆ. ಜಮಖಂಡಿಯ ಒಬ್ಬ ಟೀಚರ್ ಬರೆದು ಕೇಳಿದರು: "ನಮ್ಮ ಲ್ಯಾಬಿನಲ್ಲಿ ಪ್ರಿಂಟರ್ ಇಲ್ಲ, ಇದು ನಡೆಯುತ್ತದಾ?" ಅವರ ಪ್ರಶ್ನೆ ಸರಿಯಾಗಿತ್ತು, ನನ್ನ ಅನುವಾದ ತಪ್ಪಾಗಿತ್ತು. ಅವತ್ತೇ ಎಲ್ಲ ಕಡೆ 'ತೋರಿಸುತ್ತದೆ' ಅಂತ ಬದಲಿಸಿದೆ. ಕಿಲ್ ಕಮಾಂಡಿಗೆ 'ಕೊಲ್ಲುತ್ತದೆ' ಅಂತ ಬರೆಯಬೇಡಿ. ಅದು ಪ್ರೋಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಮಿಗೆ) ಒಂದು ಸಿಗ್ನಲ್ ಕಳಿಸುತ್ತದೆ, ಅಷ್ಟೇ. ಎಲ್ಲ ಸಿಗ್ನಲ್ಲೂ ಕೊಲ್ಲುವುದಕ್ಕೆ ಇರುವುದಿಲ್ಲ. 'ಕಡತಕೋಶ' ಅಂತ ಬರೆದರೆ ಹುಡುಗರಿಗೆ ತಿಳಿಯುವುದಿಲ್ಲ, 'ಫೋಲ್ಡರ್' ಅಂದರೆ ತಿಳಿಯುತ್ತದೆ. ಅಂಥಲ್ಲಿ ನಾನು ಎರಡನೆಯದನ್ನೇ ಆರಿಸುತ್ತೇನೆ. ಟ್ರೂ ಅನ್ನುವ ಕಮಾಂಡಿಗೆ "ಏನೂ ಮಾಡದೆ, ಸರಿಯಾಗಿ ಮುಗಿಸುತ್ತದೆ" ಅಂತ ಬರೆದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ. ಇಂಗ್ಲಿಷಿನಲ್ಲಿ ಇರುವುದೂ ಅದೇ ಮಾತು.

ಹುಡುಕುವುದರಲ್ಲಿ ಕನ್ನಡ ಬೇರೆ ಥರ ಕಾಡುತ್ತದೆ. ಒಬ್ಬರು 'ಫೈಲ್' ಅಂತ ಹುಡುಕಿದರು. ನಮ್ಮ ವಿವರಣೆಗಳಲ್ಲಿ ಇದ್ದದ್ದು 'ಫೈಲನ್ನು', 'ಫೈಲಿನ', 'ಫೈಲಿಗೆ'. ಒಂದೂ ಸಿಗಲಿಲ್ಲ. ಯಾಕೆ ಗೊತ್ತಾ? 'ಫೈಲ್' ಕೊನೆಯಲ್ಲಿ ಒಂದು ಹಲಂತ ಇದೆ. ವಿಭಕ್ತಿ ಸೇರಿದ ಕೂಡಲೇ ಅದು ಹೋಗುತ್ತದೆ. ಕೊನೆಯ ಹಲಂತ ತೆಗೆದು 'ಫೈಲ'ದಿಂದ ಶುರುವಾಗುವ ಪದಗಳನ್ನು ಹುಡುಕಿ, ಎಲ್ಲ ಸಿಗುತ್ತವೆ. 'ಫೈಲ್‌ಗಳು' ಬರೆಯುವಾಗ ಕೆಲವರ ಕೀಬೋರ್ಡ್ ಲ ಮತ್ತು ಗ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತದೆ, ಕೆಲವರದು ಹಾಕುವುದಿಲ್ಲ. ಹೋಲಿಸುವ ಮೊದಲು ಅದನ್ನು ತೆಗೆಯಿರಿ. 'ಕೊ' ಅನ್ನುವುದರ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. ಎರಡನ್ನೂ ಎನ್‌ಎಫ್‌ಸಿ ಅನ್ನುವ, ಜೋಡಿಯನ್ನು ಒಂದೇ ಚಿಹ್ನೆ ಮಾಡುವ ರೂಪಕ್ಕೆ ತಂದು ಆಮೇಲೆ ಹೋಲಿಸಿ.

ಸಾಲನ್ನು ಬೈಟ್ ಎಣಿಸಿ ಕತ್ತರಿಸಬೇಡಿ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಬರೀ ಕನ್ನಡ ಇರುವ ಸಾಲನ್ನು 80 ಬೈಟಿಗೆ ಕತ್ತರಿಸಿದರೆ 26 ಸಂಕೇತ ಪೂರ್ತಿ ಉಳಿಯುತ್ತವೆ, 27ನೆಯದು ಮುರಿದಿರುತ್ತದೆ. 'ಕ್ಷ' ಒಂದಕ್ಕೇ 3 ಸಂಕೇತ ಬೇಕು. ಪದಗಳ ನಡುವಿನ ಜಾಗದಲ್ಲಿ ಮಾತ್ರ ಸಾಲು ಮುರಿಯಿರಿ. ಕಂಬಸಾಲು (ಕಾಲಮ್) ಮಾಡುವಾಗ ಕಮಾಂಡಿನ ಹೆಸರು ಎಡಕ್ಕೆ, ಕನ್ನಡ ಬಲಕ್ಕೆ ಇಡಿ. ಕನ್ನಡ ಅಕ್ಷರ ಎಷ್ಟು ಅಗಲ ಅಂತ ಒಂದೊಂದು ಟರ್ಮಿನಲ್ ಒಂದೊಂದು ಲೆಕ್ಕ ಹೇಳುತ್ತದೆ. ಬಲಗಡೆ ಇದ್ದರೆ ಆ ಲೆಕ್ಕವೇ ಬೇಕಾಗುವುದಿಲ್ಲ.

ಈಗ ನನ್ನನ್ನು ಬಹಳ ದಿನ ನಿದ್ದೆಗೆಡಿಸಿದ ವಿಷಯ.

ಡಿಡಿ ಕಮಾಂಡಿನ ಇಂಗ್ಲಿಷ್ ವಿವರಣೆ ಚಿಕ್ಕದು. ನಾನು "ಫೈಲನ್ನು ರೂಪ ಬದಲಿಸಿ ನಕಲು ಮಾಡುತ್ತದೆ" ಅಂತ ಬರೆದಿದ್ದೆ. ಅನುವಾದದಲ್ಲಿ ತಪ್ಪಿಲ್ಲ. ಇಳಕಲ್ ಕಡೆಯ ಒಬ್ಬ ಹುಡುಗ ಅದನ್ನು ಓದಿ, ಒಂದು ಫೈಲನ್ನು ಪೆನ್‌ಡ್ರೈವ್‌ಗೆ ನಕಲು ಮಾಡಲು ಡಿಡಿ ಬಳಸಿದ. ಗುರಿ ಅಂತ ಇಡೀ ಡ್ರೈವನ್ನೇ ಕೊಟ್ಟ. ಡಿಡಿ ಏನೂ ಕೇಳುವುದಿಲ್ಲ, ಹೇಳಿದಲ್ಲಿ ಬರೆಯುತ್ತದೆ. ಡ್ರೈವಿನ ಮೊದಲ ಭಾಗ ಅಳಿಸಿತು, ಪಾರ್ಟಿಶನ್ ಟೇಬಲ್ (ಡ್ರೈವಿನ ಭಾಗಗಳ ಪಟ್ಟಿ) ಸಹಿತ. ಅದರಲ್ಲಿ ಅವನ ಅಪ್ಪ ಕೂಡಿಟ್ಟಿದ್ದ ಸೀರೆ ಅಂಚಿನ ವಿನ್ಯಾಸಗಳ ಫೋಟೋ ಇದ್ದವು. ಅವನು ನನ್ನನ್ನು ಬೈಯಲಿಲ್ಲ. "ನಕಲು ಅಂತ ಇತ್ತಲ್ಲ ಸರ್" ಅಂತ ಮಾತ್ರ ಬರೆದ. ಫೋಟೋರೆಕ್ ಅನ್ನುವ ಪ್ರೋಗ್ರಾಂ ಓಡಿಸಿ ಅಂತ ಹೇಳಿದೆ. ಬಹಳಷ್ಟು ಫೋಟೋ ವಾಪಸ್ ಬಂದವು. ಅದು ಫೈಲುಗಳ ಹೆಸರು ಉಳಿಸುವುದಿಲ್ಲ, ಹಾಗಾಗಿ ಯಾವ ವಿನ್ಯಾಸ ಯಾವ ಸೀರೆಯದು ಅಂತ ಅಪ್ಪ ಮಗ ಕೂತು ಮತ್ತೆ ಗುರುತಿಸಬೇಕಾಯಿತು.

ಆಮೇಲೆ ಯೋಚಿಸಿದೆ. ವಿವರಣೆಯನ್ನೇ ಬದಲಿಸಲಾ? ಬೇಡ ಅನ್ನಿಸಿತು. ಮೂಲ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ ಅಂತ ಮಾತು ಕೊಟ್ಟ ಮೇಲೆ ಅದರೊಳಗೆ ನನ್ನ ಮಾತು ಸೇರಿಸಬಾರದು. ಬದಲಿಗೆ ಕೆಳಗೆ ಇನ್ನೊಂದು ಸಾಲು ಸೇರಿಸಿದೆ, 'ಎಚ್ಚರ' ಅಂತ ಶುರುವಾಗುವುದು. ಅದು ನಮ್ಮ ಮಾತು, ಮೂಲದ್ದಲ್ಲ ಅಂತ ಓದಿದವರಿಗೆ ಗೊತ್ತಾಗುತ್ತದೆ. ಡಿಡಿ, ಎಂಕೆಎಫ್‌ಎಸ್, ಶ್ರೆಡ್ ಇಂಥ, ಇದ್ದದ್ದನ್ನು ಅಳಿಸಿಬಿಡಬಲ್ಲ ಕೆಲವಕ್ಕೆ ಮಾತ್ರ. ಎಲ್ಲದಕ್ಕೂ ಹಾಕಿದರೆ ಯಾರೂ ಓದುವುದಿಲ್ಲ.

ನನ್ನ ಟೂಲ್ ಬರೆದಿರುವ ಪೈಥಾನ್ ಭಾಷೆಯ ಬದಲಾವಣೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2023ರಲ್ಲಿ ಪೈಥಾನ್ 3.12 ಬಂದಾಗ ಇನ್‌ಸ್ಟಾಲ್ ಮಾಡಲು ಬಳಸುತ್ತಿದ್ದ ಡಿಸ್ಟ್‌ಯುಟಿಲ್ಸ್ ಅನ್ನುವ ಭಾಗವನ್ನು ತೆಗೆದರು, ನನ್ನ ಇನ್‌ಸ್ಟಾಲ್ ಸ್ಕ್ರಿಪ್ಟ್ ನಿಂತಿತು, ಒಂದು ಭಾನುವಾರ ಹೋಯಿತು. ವರ್ಷಕ್ಕೊಮ್ಮೆ ಇಂಥದ್ದು ಇದ್ದೇ ಇರುತ್ತದೆ.

ಕೊನೆಗೆ ಜವಾಬ್ದಾರಿ ತೆಗೆದುಕೊಳ್ಳುವ ರೀತಿ. 2024ರ ಮಾರ್ಚ್ 29ರಂದು ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಅನ್ನುವ ಪ್ಯಾಕೇಜಿನಲ್ಲಿ ಕಳ್ಳಬಾಗಿಲು ಇದೆ ಅಂತ ಎಂಜಿನಿಯರ್ ಆಂಡ್ರೆಸ್ ಫ್ರೋಯಿಂಡ್ ಬಯಲು ಮಾಡಿದರು. ಲಾಗಿನ್ ಸ್ವಲ್ಪ ನಿಧಾನವಾಯಿತು ಅಂತ ಅನುಮಾನಪಟ್ಟು ಹುಡುಕಿದ್ದು ಅವರು. ಆ ಪ್ಯಾಕೇಜನ್ನು ಒಬ್ಬರೇ ದಣಿದು ನೋಡಿಕೊಳ್ಳುತ್ತಿದ್ದರು. ಸಹಾಯಕ್ಕೆ ಅಂತ ಬಂದವರು ಎರಡು ವರ್ಷ ನಂಬಿಕೆ ಗಳಿಸಿ, ಆಮೇಲೆ ಆ ಕಳ್ಳಬಾಗಿಲನ್ನು ಒಳಗೆ ಸೇರಿಸಿದರು. ನಮ್ಮ ಟೂಲ್ ಪುಟ್ಟದು, ಆದರೂ ಬೇರೆಯವರ ಕಂಪ್ಯೂಟರಿನಲ್ಲಿ ಓಡುತ್ತದೆ. ಯಾರೋ ಕಳಿಸಿದ ವಿವರಣೆಯಲ್ಲಿ ಟರ್ಮಿನಲ್ ನಿಯಂತ್ರಿಸುವ ಗುಪ್ತ ಸಂಕೇತ ಇರಬಹುದು. ಅಂಥವನ್ನೆಲ್ಲ ಸೋಸಿದ ಮೇಲೇ ತೋರಿಸಿ. ನಿಮ್ಮ ಸೀನಿಯರ್‌ಗೆ "ಇನ್ನು ಆರು ತಿಂಗಳು ಜೊತೆಗಿರಿ, ರಿಲೀಸ್ ಮಾಡುವ ಮೊದಲು ಇಬ್ಬರೂ ನೋಡೋಣ" ಅಂತ ಕೇಳಿಕೊಳ್ಳಿ.

ಮೊದಲ ವಾರ ಕೋಡ್ ಮುಟ್ಟಬೇಡಿ. ನಿಮ್ಮ ಲ್ಯಾಬಿನಲ್ಲಿ ಟರ್ಮಿನಲ್ ಹೊಸದಾಗಿ ಕಲಿಯುತ್ತಿರುವ ಒಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು ಇಪ್ಪತ್ತು ಕಮಾಂಡುಗಳ ವಿವರಣೆ ಜೋರಾಗಿ ಓದಿಸಿ. ಪ್ರತಿಯೊಂದಕ್ಕೂ "ಇದು ಏನು ಮಾಡುತ್ತದೆ ಅಂತ ಅನ್ನಿಸುತ್ತದೆ?" ಅಂತ ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಡಿಡಿಯಿಂದ ಶುರು ಮಾಡಿ.