ಬಿಸಿಲು ಏರಿದಷ್ಟೂ ರನ್‌ವೇ ಗಿಡ್ಡ

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿರುವವರು 31 ವರ್ಷ ವಿಮಾನಗಳ ಲೋಡ್‌ಶೀಟ್ (ವಿಮಾನ ಹೊರುವ ಜನ, ಬ್ಯಾಗು, ಇಂಧನದ ತೂಕದ ಲೆಕ್ಕದ ಹಾಳೆ) ಬರೆದು, ಈಗ ಕೊಪ್ಪದ ಹತ್ತಿರ ತೋಟ ನೋಡಿಕೊಂಡಿರುವವರು.

ಪ್ರಶ್ನೆ: ಸರ್, 1960ರ ದಶಕದಲ್ಲೇ ಯುರೋಪಿನ ಜನ ಚಾರ್ಟರ್ ಜೆಟ್ (ಪ್ರವಾಸಕ್ಕೆಂದೇ ಇಡಿಯಾಗಿ ಬಾಡಿಗೆಗೆ ಪಡೆದ ವಿಮಾನ) ಹಿಡಿದು ಸ್ಪೇನ್, ಗ್ರೀಸ್ ಕಡೆ ರಜೆಗೆ ಹೋಗುತ್ತಿದ್ದರು ಎಂದು ಓದಿದೆ. ಅಲ್ಲಿನ ಎಷ್ಟೋ ರನ್‌ವೇ ಚಿಕ್ಕವು, ಮೇಲೆ ಸೆಕೆ ಬೇರೆ. ಆ ಕಾಲದ ಜೆಟ್‌ಗಳು ಜನ ತುಂಬಿಕೊಂಡು ಹೇಗೆ ಏರುತ್ತಿದ್ದವು? ಸೆಕೆಗೂ ವಿಮಾನಕ್ಕೂ ಏನು ಸಂಬಂಧ?
(ತೀರ್ಥಹಳ್ಳಿಯ ಓದುಗರು)

ಉತ್ತರ: ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನನ್ನ ಇಡೀ ನೌಕರಿ ನಡೆದದ್ದು ಇದೊಂದು ಲೆಕ್ಕದ ಮೇಲೆ.

ಬಿಸಿ ಗಾಳಿ ತೆಳು. 15 ಡಿಗ್ರಿಯಲ್ಲಿ ಇರುವುದಕ್ಕಿಂತ 35 ಡಿಗ್ರಿಯಲ್ಲಿ ಗಾಳಿ ನೂರಕ್ಕೆ ಆರೂವರೆಯಷ್ಟು ತೆಳುವಾಗಿರುತ್ತದೆ. ಕೇಳಲು ಸಣ್ಣ ಲೆಕ್ಕ. ಆದರೆ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆ ಎತ್ತಬೇಕಾದರೆ ವಿಮಾನ ಇನ್ನೂ ಜೋರಾಗಿ ಓಡಬೇಕು. ಓಡಿಸುವ ಎಂಜಿನ್ ಕುಡಿಯುವುದೂ ಅದೇ ತೆಳು ಗಾಳಿಯನ್ನೇ, ಹಾಗಾಗಿ ಅದರ ಬಲವೂ ಇಳಿದಿರುತ್ತದೆ. ಬೆಳಿಗ್ಗೆ ಆರಕ್ಕೆ ಧಾರಾಳವಾಗಿದ್ದ ರನ್‌ವೇ ಮಧ್ಯಾಹ್ನ ಎರಡಕ್ಕೆ ಸಾಲುವುದಿಲ್ಲ.

ಎಲ್ಲ ಸರಿಯಿದ್ದಾಗ ಏರಲು ಎಷ್ಟು ಜಾಗ ಬೇಕು ಎಂದಷ್ಟೇ ನಾವು ನೋಡುವುದಿಲ್ಲ. ಓಡುತ್ತಿರುವಾಗಲೇ ಒಂದು ಎಂಜಿನ್ ಕೈಕೊಟ್ಟರೆ ಏನು ಗತಿ ಅಂತ ನೋಡುತ್ತೇವೆ. ಒಂದು ವೇಗದವರೆಗೆ ಬ್ರೇಕ್ ಹಾಕಿ ನಿಲ್ಲಬೇಕು. ಅದು ದಾಟಿದರೆ ಉಳಿದ ಎಂಜಿನ್ನಿನಲ್ಲೇ ಏರಬೇಕು. ಆ ವೇಗಕ್ಕೆ ವಿ-ಒನ್ ಅಂತಾರೆ. ಎರಡಕ್ಕೂ ಜಾಗ ಇರಬೇಕು. ಏರಿ ಚಕ್ರ ಮಡಚಿದ ಮೇಲೂ ಎರಡು ಎಂಜಿನ್ನಿನ ಜೆಟ್ ಒಂದರಲ್ಲೇ, 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 2.4 ಮೀಟರ್ ಮೇಲೇರಲೇಬೇಕು. ಗಾಳಿಯ ಲೆಕ್ಕದಲ್ಲೂ ಬಿಗಿ ಇದೆ. ಎದುರುಗಾಳಿಯ ವೇಗ 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ಇದ್ದರೆ 5 ಎಂದೇ ಹಿಡಿಯಬೇಕು, ಬೆನ್ನಗಾಳಿ 10 ಇದ್ದರೆ 15 ಎಂದು ಹಿಡಿಯಬೇಕು. ನಮ್ಮ ಅಪ್ಪಯ್ಯ ಅಡಿಕೆ ಫಸಲನ್ನು ಅರ್ಧ, ಕೊನೆಗೌಡರ ಖರ್ಚನ್ನು ಒಂದೂವರೆ ಎಂದು ಬರೆದಿಡುತ್ತಿದ್ದರು. ಮೊದಲ ಸಲ ಈ ನಿಯಮ ಓದಿದಾಗ ನನಗೆ ಅವರ ಪುಸ್ತಕವೇ ನೆನಪಾಯಿತು.

ಮೊದಲ ಜೆಟ್‌ಗಳಿಗೆ ಇದೆಲ್ಲ ಕಷ್ಟದಲ್ಲೇ ಗೊತ್ತಾಗಿದ್ದು. ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನ 1952ರ ಮೇ 2ರಂದು ಲಂಡನ್ನಿನಿಂದ ಜೊಹಾನ್ಸ್‌ಬರ್ಗ್‌ಗೆ ಹೊರಟಿತು. ದಾರಿಯಲ್ಲಿ ಇಳಿದು ಏರಬೇಕಾದ ಊರುಗಳು ಖಾರ್ಟೂಮ್, ಎಂಟೆಬೆಯಂಥವು. ಖಾರ್ಟೂಮ್ ಸುಡುವ ಊರು, ಎಂಟೆಬೆ ಎತ್ತರದ ಊರು, ಅಲ್ಲೂ ಗಾಳಿ ತೆಳು. ಎಂಜಿನ್ನಿನ ಬಲ ಅಷ್ಟಕ್ಕಷ್ಟೇ. 1953ರ ಮಾರ್ಚ್ 3ರಂದು ಕರಾಚಿಯಲ್ಲಿ ಒಂದು ಕಾಮೆಟ್ ಓಡುವಾಗಲೇ ಮೂಗನ್ನು ಜಾಸ್ತಿ ಎತ್ತಿತು. ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡಿತು, ವಿಮಾನ ಏರಲೇ ಇಲ್ಲ. ಅದರಲ್ಲಿದ್ದ 11 ಜನರೂ ತೀರಿಹೋದರು. ಆಮೇಲೆ ರೆಕ್ಕೆಯ ಮುಂದಿನ ಅಂಚಿನ ಆಕಾರವನ್ನೇ ಬದಲಿಸಿದರು. ಮುಂದೆ ಬಲವಾದ ಎಂಜಿನ್ನಿನ ಕಾಮೆಟ್ 4 ಬಂತು. ದೊಡ್ಡ ಕಂಪನಿಗಳು ಹಾರಿಸಿ ಬಿಟ್ಟ ಇವನ್ನೇ ಬ್ರಿಟನ್ನಿನ ಡ್ಯಾನ್-ಏರ್ 1966ರಿಂದ ಕೊಂಡು ರಜೆಯ ಜನರಿಗೆ ಓಡಿಸಿತು. 1980ರ ನವೆಂಬರ್‌ವರೆಗೂ ಓಡಿಸಿತು.

ಡೆನ್ಮಾರ್ಕಿನ ಕಥೆ ನನಗೆ ಇನ್ನೂ ಇಷ್ಟ. ಐಲಿಫ್ ಕ್ರೋಗಾಗರ್ ಎಂಬ ಹಳ್ಳಿ ಪಾದ್ರಿ 1950ರಲ್ಲಿ ಜನರನ್ನು ಬಸ್ಸಿನಲ್ಲಿ ಸ್ಪೇನ್‌ಗೆ ಕರೆದುಕೊಂಡು ಹೋದರು. ನಮ್ಮ ಕಡೆ ಊರಿನವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಧರ್ಮಸ್ಥಳಕ್ಕೆ ಹೋಗಿಬರುತ್ತೇವಲ್ಲ, ಹಾಗೆ. ಅದು ಬೆಳೆದು 1962ರಲ್ಲಿ ಸ್ಟರ್ಲಿಂಗ್ ಎಂಬ ವಿಮಾನ ಕಂಪನಿಯೇ ಆಯಿತು. ಅವರ ಜೆಟ್ ಕ್ಯಾರವೆಲ್. ನಮ್ಮ ದೇಶದಲ್ಲೂ 1964ರಿಂದ ಕ್ಯಾರವೆಲ್ ಹಾರುತ್ತಿತ್ತು, ಹಿರಿಯರಿಗೆ ನೆನಪಿರಬಹುದು. ಅದರ ಮೊದಮೊದಲ ಮಾದರಿಗಳು ಇಳಿದ ಮೇಲೆ ಬಾಲದಿಂದ ಪ್ಯಾರಾಚೂಟ್ ಬಿಚ್ಚಿ ವೇಗ ತಗ್ಗಿಸುತ್ತಿದ್ದವು.

ಇಳಿಯುವ ಜಾಗಗಳೂ ಹಾಗೇ ಇದ್ದವು. ಮಡೈರಾ ದ್ವೀಪದ ಫುಂಚಾಲ್‌ನಲ್ಲಿ 1964ರಲ್ಲಿ ತೆರೆದ ರನ್‌ವೇ ಬರೀ 1,600 ಮೀಟರ್. 1977ರಲ್ಲಿ ಮಳೆಯಲ್ಲಿ ಇಳಿದ ಒಂದು ಬೋಯಿಂಗ್ 727 ನಿಲ್ಲದೆ ಆಚೆ ಬಿದ್ದು 131 ಜನ ಸತ್ತರು. ಕೊನೆಗೆ ಕಡಲ ಅಂಚಿನಲ್ಲಿ ಕಾಂಕ್ರೀಟ್ ಕಂಬ ನಿಲ್ಲಿಸಿ, ಅದರ ಮೇಲೆ ರನ್‌ವೇ ಹಾಸಿ 2000ದಲ್ಲಿ 2,781 ಮೀಟರ್ ಮಾಡಿದರು.

ಅಂಥ ಜಾಗದಲ್ಲಿ ಲೋಡ್‌ಶೀಟ್ ಬರೆಯುವವನ ಕೈಯಲ್ಲಿ ಇರುವುದು ಮೂರೇ ದಾರಿ. ತಂಪು ಹೊತ್ತಿನಲ್ಲಿ ಹೊರಡಿಸುವುದು. ಇಂಧನ ಕಡಿಮೆ ತುಂಬಿಸಿ, ನಡುವೆ ಉದ್ದ ರನ್‌ವೇ ಇರುವ ಊರಲ್ಲಿ ಇಳಿಸಿ ಮತ್ತೆ ತುಂಬಿಸುವುದು. ಎರಡೂ ಆಗದಿದ್ದರೆ ಜನರನ್ನೋ ಬ್ಯಾಗನ್ನೋ ಬಿಟ್ಟು ಹೋಗುವುದು. ಚಾರ್ಟರ್‌ನವರಿಗೆ ಮೂರನೆಯದು ಬಲು ಕಷ್ಟ. ಒಂದು ಸೀಟೂ ಖಾಲಿ ಬಿಡದೆ ತುಂಬಿದರೇ ಅವರಿಗೆ ಲಾಭ.

ನಮ್ಮ ಮಂಗಳೂರಿನ ಬಜ್ಪೆ ನಿಲ್ದಾಣವೂ ಇಂಥದ್ದೇ ಆಗಿತ್ತು. ಗುಡ್ಡದ ತಲೆಯ ಮೇಲೆ 1,615 ಮೀಟರ್. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬರುವವರೆಗೆ 737ಗಳು ಅದರ ಮೇಲೇ ಏರಿದವು, ಇಳಿದವು. ಆಗುಂಬೆ ಘಾಟಿ ಇಳಿದು ಹೋಗಿ ಮುಂಬೈ ವಿಮಾನ ಹತ್ತಿದವರಿಗೆ ಆ ರನ್‌ವೇ ಗೊತ್ತು.

ನಾನು ಹೇಳಹೊರಟಿರುವುದು ಬೇರೊಂದು ಊರಿನದು, ಹೆಸರು ಬೇಡ. ಏಪ್ರಿಲ್ ಮಧ್ಯಾಹ್ನ. ಒಂದು ಮದುವೆ ದಿಬ್ಬಣವೇ ವಿಮಾನದಲ್ಲಿತ್ತು. ಆಗ ಕಂಪ್ಯೂಟರ್ ಇರಲಿಲ್ಲ. ಚಾರ್ಟಿನ ಮೇಲೆ ಸ್ಕೇಲು ಇಟ್ಟು, ತಾಪಮಾನದಿಂದ ಪೆನ್ಸಿಲ್ ಗೆರೆ ಮೇಲಕ್ಕೆ ಎಳೆದು, ಓರೆ ಗೆರೆಗೆ ಮುಟ್ಟಿಸಿ, ಅಲ್ಲಿಂದ ಅಡ್ಡಕ್ಕೆ ಹೋದರೆ ತೂಕ ಸಿಗುತ್ತಿತ್ತು. ಥರ್ಮಾಮೀಟರ್ 36 ತೋರಿಸುತ್ತಿತ್ತು. ಆ ಗೆರೆಯಲ್ಲಿ ನಾವು 600 ಕಿಲೋ ಜಾಸ್ತಿ. ನನ್ನ ಮೇಲಿನವರು ಭುಜದ ಹಿಂದೆ ಬಂದು ನಿಂತು, "ಎರಡು ಡಿಗ್ರಿ ಏನ್ ಮಹಾ? 34 ಅಂತ ಹಾಕ್ರೀ, ಸರಿಹೋಗತ್ತೆ" ಅಂದರು. 34ಕ್ಕೆ ಲೆಕ್ಕ ಸರಿಹೋಗುತ್ತಿದ್ದದ್ದು ನಿಜ. ನಾನು 36 ಎಂದೇ ಬರೆದೆ. ಕಾರ್ಬನ್ ಹಾಳೆಯ ಮೇಲೆ ಒತ್ತಿ ಬರೆದೆ, ಮೂರೂ ಪ್ರತಿಯಲ್ಲಿ ಮೂಡಲಿ ಅಂತ.

ಬ್ಯಾಗುಗಳನ್ನು ಇಳಿಸಬೇಕಾಯಿತು. ಹುಡುಗಿಯ ತಾಯಿ ಮೆಟ್ಟಿಲ ಹತ್ತಿರ ಬಂದು, "ಧಾರೆ ಸೀರೆ ಅದ್ರಲ್ಲಿದೆ ಮಾರಾಯ್ರೇ, ಹಸಿರು ಬ್ಯಾಗು, ಹಿಡಿಗೆ ಬಾಳೆನಾರು ಕಟ್ಟಿದ್ದೇನೆ" ಅಂದರು. ನಾನೇ ಲೋಡರ್ ಹುಡುಗರ ಜೊತೆ ಹೊಟ್ಟೆಗೂಡಿನೊಳಗೆ ತೂರಿದೆ. ಒಳಗೆ ಒಲೆಯಂಥ ಝಳ. ಬಾಳೆನಾರು ಕೈಗೆ ಸಿಕ್ಕಿತು. ಅದನ್ನು ಉಳಿಸಿ, ಅದರ ಬದಲು ಬೇರೆ ಎರಡು ಇಳಿಸಿದೆವು. ಇಳಿಸಿದವು ಮರುದಿನ ಬೆಳಗಿನ ವಿಮಾನಕ್ಕೆ ಹೋದವು. ನನಗೆ ಆರು ತಿಂಗಳು ರಾತ್ರಿ ಪಾಳಿ ಬಿತ್ತು. ಇವತ್ತೂ ಅದೇ ಅಂಕಿಯನ್ನೇ ಬರೆಯುತ್ತೇನೆ.

ಪ್ರಶ್ನೆ: ಹಳೇ ಜೆಟ್ ಎಂಜಿನ್‌ಗೆ ನೀರು ಬಿಡುತ್ತಿದ್ದರಂತೆ, ಹೌದಾ? ಬೆಂಕಿ ಆರುವುದಿಲ್ಲವೇ?
(ಸಾಗರದ ವಿದ್ಯಾರ್ಥಿನಿ)

ಉತ್ತರ: ಹೌದಮ್ಮ, ನಿಜ. ಬೆಂಕಿ ಆರುವಷ್ಟು ಬಿಡುವುದಿಲ್ಲ. ಸೆಕೆಯ ದಿನ ಎಂಜಿನ್ ಒಳಗಿನ ಟರ್ಬೈನ್ ಎಲೆಗಳು ಬೇಗ ತಮ್ಮ ತಾಪದ ಮಿತಿ ಮುಟ್ಟುತ್ತವೆ. ಅದಕ್ಕಿಂತ ಜಾಸ್ತಿ ಇಂಧನ ಸುಡುವ ಹಾಗಿಲ್ಲ. ನೀರು ಚಿಮ್ಮಿಸಿದರೆ ತಂಪಾಗುತ್ತದೆ, ಇನ್ನಷ್ಟು ಇಂಧನ ಸುಡಲು ಅವಕಾಶ ಸಿಗುತ್ತದೆ. ಆವಿಯಾದ ನೀರಿನ ತೂಕವೂ ಹಿಂದಕ್ಕೆ ಹೊಮ್ಮಿ ತಳ್ಳುತ್ತದೆ. ಏರುವ ಹೊತ್ತಿಗೆ ಮಾತ್ರ, ಒಂದೆರಡು ನಿಮಿಷ. 119 ಸೀಟಿನ ಒನ್-ಇಲೆವೆನ್ 500 ಎಂಬ ಬ್ರಿಟಿಷ್ ಜೆಟ್ ರಜೆಯ ಚಾರ್ಟರ್‌ಗಳಲ್ಲಿ ಬಹಳ ಓಡಿತು, ಅದರ ಸ್ಪೇ ಎಂಜಿನ್ನಿಗೂ ಈ ಏರ್ಪಾಡು ಇತ್ತು. ಕಾನ್ಪುರದಲ್ಲಿ ತಯಾರಾದ ನಮ್ಮ ಆವ್ರೋ 748ರ ಡಾರ್ಟ್ ಎಂಜಿನ್ನಿಗೆ ನೀರಿನ ಜೊತೆ ಮೆಥನಾಲ್ ಬೆರೆಸಿ ಬಿಡುತ್ತಿದ್ದರು. ಬಾವಿ ನೀರು ನಡೆಯುವುದಿಲ್ಲ. ಕುದಿಸಿ ಕುದಿಸಿ ಹಂಡೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದಲ್ಲ, ಅದು ಎಲೆಗಳ ಮೇಲೆ ಕೂತರೆ ಎಂಜಿನ್ ಹಾಳು. ಲವಣ ತೆಗೆದ ಶುದ್ಧ ನೀರೇ ಬೇಕು.

ಪ್ರಶ್ನೆ: ನಮ್ಮ ಶಿವಮೊಗ್ಗದ ಸೋಗಾನೆ ರನ್‌ವೇ 3,200 ಮೀಟರ್ ಅಲ್ವಾ ಸರ್? ನಮಗೆ ಬಿಸಿಲಿನ ಚಿಂತೆ ಇಲ್ಲ ತಾನೇ?
(ಶಿಕಾರಿಪುರದ ಓದುಗರು)

ಉತ್ತರ: ಉದ್ದದ ಚಿಂತೆ ಇಲ್ಲ. ಆದರೆ ಲೆಕ್ಕ ಹಾಕುವುದು ಮಾತ್ರ ತಪ್ಪುವುದಿಲ್ಲ. ಶಿವಮೊಗ್ಗ ಊರೇ ಸುಮಾರು 570 ಮೀಟರ್ ಎತ್ತರದಲ್ಲಿದೆ. ಎತ್ತರ ಏರಿದರೂ ಗಾಳಿ ತೆಳು. ಇಲ್ಲಿ 35 ಡಿಗ್ರಿ ಬಿಸಿಲಿದ್ದರೆ, ಕಡಲ ಮಟ್ಟದ 15 ಡಿಗ್ರಿ ಗಾಳಿಗಿಂತ ನೂರಕ್ಕೆ 13ರಷ್ಟು ತೆಳು. ಎಟಿಆರ್‌ನಂಥ ಚಿಕ್ಕ ವಿಮಾನಕ್ಕೆ ಆಗಲೂ ಇರುವ ಉದ್ದದಲ್ಲಿ ಅರ್ಧದಷ್ಟೂ ಬೇಕಾಗುವುದಿಲ್ಲ. ನಮಗೆ ತೊಂದರೆ ಕೊಡುವುದು ಮಳೆಗಾಲದ ತಗ್ಗು ಮೋಡ.

2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂದ ಮೇಲೆ ನಾನು ಎಷ್ಟೋ ಸಲ ಅಲ್ಲಿಂದ ಹೋಗಿದ್ದೇನೆ. ಪ್ರತಿ ಸಲ ಕಿಟಕಿ ಪಕ್ಕ ಕೂತು, ವಿಮಾನ ಓಡಲು ಶುರುವಾದ ಗಳಿಗೆಯಿಂದ ಚಕ್ರ ನೆಲ ಬಿಡುವವರೆಗೆ ಸೆಕೆಂಡು ಎಣಿಸುತ್ತೇನೆ. ಜನವರಿಯಲ್ಲಿ 24 ಬಂದಿತ್ತು. ಏಪ್ರಿಲ್‌ನಲ್ಲಿ, ಸೀಟೆಲ್ಲ ತುಂಬಿದ್ದಾಗ, 28. ನೀವೂ ಮುಂದಿನ ಸಲ ಎಣಿಸಿ ನೋಡಿ. ದಿನ, ಹೊತ್ತು, ಬಿಸಿಲು ಎಷ್ಟಿತ್ತು ಅಂತ ಬರೆದು ಈ ಅಂಕಣಕ್ಕೆ ಕಳಿಸಿ. ನನ್ನ ಪುಸ್ತಕದಲ್ಲಿ ಸೇರಿಸಿಕೊಳ್ಳುತ್ತೇನೆ.