ಮೀಡಿಯಲ್, ಲ್ಯಾಟರಲ್, ಸ್ಯಾಜಿಟಲ್: ಅನಾಟಮಿಯ ದಿಕ್ಕುಗಳು ತಲೆಗೆ ಹತ್ತುವುದು ಹೇಗೆ?

ನೀವು ಬಿಎಸ್ಸಿ ನರ್ಸಿಂಗ್ ಮೊದಲ ವರ್ಷ ಅಂತ ಬರೆದಿದ್ದೀರಿ. ಪದಗಳೆಲ್ಲ ಬಾಯಿಪಾಠ ಆಗಿವೆ, ಆದರೆ ಮಂಚದ ಮೇಲೆ ಮಲಗಿರುವ ಪೇಷಂಟ್ ಎದುರು ನಿಂತ ಕೂಡಲೇ ಯಾವುದು ಮೇಲೆ, ಯಾವುದು ಮುಂದೆ ಅಂತ ಗೊಂದಲ ಆಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಎಕ್ಸ್‌ರೇ, ಸಿಟಿ ವಿಭಾಗದ ಟೆಕ್ನಿಷಿಯನ್. ದಿನವಿಡೀ ಇದೇ ಪದಗಳ ಜೊತೆ ಏಗುವವನು.

ಮೊದಲು ಪುಸ್ತಕ ಮುಚ್ಚಿ ಎದ್ದು ನಿಲ್ಲಿ. ಮುಖ ಮುಂದಕ್ಕೆ, ಕೈಗಳು ಪಕ್ಕದಲ್ಲಿ ಇಳಿಬಿದ್ದಿರಲಿ, ಅಂಗೈ ಮುಂದಕ್ಕೆ ತಿರುಗಿರಲಿ, ಕಾಲ್ಬೆರಳು ಮುಂದಕ್ಕೆ. ಇದೇ ಅನಾಟಮಿಕಲ್ ಪೊಸಿಷನ್. ಎಲ್ಲ ಹೆಸರುಗಳೂ ಹೀಗೆ ನಿಂತ ದೇಹಕ್ಕೆ ಇಟ್ಟವು. ಪೇಷಂಟ್ ಮಲಗಲಿ, ಮಗ್ಗುಲಾಗಲಿ, ತಲೆಕೆಳಗಾಗಲಿ, ಹೆಸರು ಬದಲಾಗುವುದಿಲ್ಲ. ಅಂಗಾತ ಮಲಗಿದವರ ಎದೆ ಚಾವಣಿ ಕಡೆಗಿದ್ದರೂ ಅದು ಆಂಟೀರಿಯರ್ರೇ, ಅಂದರೆ ಮುಂಭಾಗವೇ. ಸುಪೀರಿಯರ್ ಅಂದರೆ ತಲೆಯ ಕಡೆ, ಅಷ್ಟೇ. ಹಾಗಾಗಿ ಮಲಗಿರುವವರನ್ನು ಮನಸ್ಸಿನಲ್ಲೇ ಎಬ್ಬಿಸಿ ನಿಲ್ಲಿಸಿ, ಆಮೇಲೆ ಹೆಸರು ಹೇಳಿ.

ಅಂಗೈ ಯಾಕೆ ಮುಂದಕ್ಕಿರಬೇಕು? ಮುಂಗೈಯಲ್ಲಿ ರೇಡಿಯಸ್, ಅಲ್ನಾ ಅಂತ ಎರಡು ಮೂಳೆ ಇವೆಯಲ್ವಾ? ಅಂಗೈ ಮುಂದಿದ್ದರೆ ಎರಡೂ ಅಕ್ಕಪಕ್ಕ ನೇರವಾಗಿರುತ್ತವೆ. ಅಂಗೈ ಹಿಂದಕ್ಕೆ ತಿರುಗಿಸಿದರೆ ರೇಡಿಯಸ್ ಅಲ್ನಾದ ಮೇಲೆ ಅಡ್ಡ ಬರುತ್ತದೆ. ಆಗ ಹೆಬ್ಬೆರಳು ಒಳಗೋ ಹೊರಗೋ ಅಂತ ಜಗಳ ಶುರು. ಮಧ್ಯರೇಖೆಗೆ ಹತ್ತಿರ ಇದ್ದರೆ ಮೀಡಿಯಲ್, ದೂರ ಇದ್ದರೆ ಲ್ಯಾಟರಲ್. ಅಂಗೈ ಮುಂದಿಟ್ಟ ಲೆಕ್ಕದಲ್ಲಿ ಹೆಬ್ಬೆರಳು ಲ್ಯಾಟರಲ್, ಕಿರುಬೆರಳು ಮೀಡಿಯಲ್. ಕಾಲಿನಲ್ಲಿ ಇದು ಉಲ್ಟಾ, ಹೆಬ್ಬೆರಳೇ ಮೀಡಿಯಲ್. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ.

ಕೈಕಾಲಿಗೆ ಪ್ರಾಕ್ಸಿಮಲ್, ಡಿಸ್ಟಲ್ ಅಂತ ಬೇರೆ ಜೋಡಿ ಇದೆ. ಮುಂಡಕ್ಕೆ ಹತ್ತಿರ ಇದ್ದರೆ ಪ್ರಾಕ್ಸಿಮಲ್, ದೂರ ಇದ್ದರೆ ಡಿಸ್ಟಲ್. ಜಾರಿ ಬಿದ್ದು ಕೈ ಊರಿದ ಅಜ್ಜಿಯರ ಎಕ್ಸ್‌ರೇಯಲ್ಲಿ ನಾವು ಜಾಸ್ತಿ ನೋಡುವುದು ಡಿಸ್ಟಲ್ ರೇಡಿಯಸ್ ಮುರಿತ, ಅಂದರೆ ಮಣಿಕಟ್ಟಿನ ಹತ್ತಿರದ್ದು. 1814ರಲ್ಲಿ ಐರ್ಲೆಂಡಿನ ಸರ್ಜನ್ ಅಬ್ರಹಾಂ ಕಾಲಿಸ್ ವಿವರಿಸಿದ ಮುರಿತದಲ್ಲಿ ಮುರಿದ ತುದಿ ಡಾರ್ಸಲ್ ಕಡೆಗೆ, ಅಂದರೆ ಕೈಯ ಹಿಂಬದಿಗೆ ಸರಿದಿರುತ್ತದೆ. ಪಾದದಲ್ಲಿ ಮಾತ್ರ ಡಾರ್ಸಲ್ ಅಂದರೆ ಮೇಲ್ಭಾಗ, ಅಂಗಾಲಿನ ಕಡೆಗೆ ಪ್ಲಾಂಟರ್ ಅನ್ನುತ್ತಾರೆ. ಇದನ್ನು ಸುಮ್ನೆ ಒಪ್ಪಿಕೊಂಡು ಮುಂದೆ ಹೋಗಿ.

ಈಗ ಬಲ, ಎಡ. ಯಾವಾಗಲೂ ಪೇಷಂಟಿನ ಬಲ, ನಿಮ್ಮದಲ್ಲ. ಸಿಟಿಯ ಅಡ್ಡ ಹೋಳನ್ನು ಕಾಲಿನ ಕಡೆಯಿಂದ ತಲೆಯತ್ತ ನೋಡಿದಂತೆ ತೋರಿಸುತ್ತಾರೆ. ಹಾಗಾಗಿ ಬಲಗಡೆ ಇರುವ ಲಿವರ್ ಪರದೆಯ ಎಡಕ್ಕೆ ಕಾಣುತ್ತದೆ. ಎಕ್ಸ್‌ರೇಯಲ್ಲಿ ನಾವು ಆರ್ ಅಥವಾ ಎಲ್ ಅಂತ ಸೀಸದ ಅಕ್ಷರ ಇಡುವುದೂ ಈ ಗೊಂದಲ ಬೇಡ ಅಂತಲೇ. ಫಿಲ್ಮ್ ಕೈಗೆ ಬಂದರೆ ಮೊದಲು ಆ ಅಕ್ಷರ ಹುಡುಕಿ.

ಎದೆಯ ಎಕ್ಸ್‌ರೇ ಮೇಲೆ ಪಿಎ ಅಥವಾ ಎಪಿ ಅಂತ ಬರೆದಿರುತ್ತದೆ. ಪಿಎ ಅಂದರೆ ಕಿರಣ ಬೆನ್ನಿನಿಂದ ಹೊಕ್ಕು ಎದೆಯಿಂದ ಹೊರಬರುತ್ತದೆ. ಎದೆ ಪ್ಲೇಟಿಗೆ ಒತ್ತಿರುತ್ತದೆ. ಹೃದಯ ಎದೆಯ ಮುಂಭಾಗಕ್ಕೆ ಹತ್ತಿರ, ಹಾಗಾಗಿ ನೆರಳು ಜಾಸ್ತಿ ಹಿಗ್ಗುವುದಿಲ್ಲ. ಎದ್ದು ನಿಲ್ಲಲಾಗದವರಿಗೆ ಮಂಚದಲ್ಲೇ ಎಪಿ ತೆಗೆಯುತ್ತೇವೆ, ಅಂದರೆ ಕಿರಣ ಎದೆಯಿಂದ ಹೊಕ್ಕು ಬೆನ್ನಿನಿಂದ ಹೊರಬರುತ್ತದೆ. ಅಲ್ಲಿ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎರಡಕ್ಷರ ನೋಡದೆ ಹಾರ್ಟ್ ದೊಡ್ಡದಾಗಿದೆ ಅಂತ ಮನೆಯವರಿಗೆ ಹೇಳಿಬಿಟ್ಟರೆ ಅವರ ನಿದ್ದೆ ಹೋಯಿತು.

ಅಂಗಾತ ಮಲಗಿದರೆ ಸುಪೈನ್, ಬೋರಲು ಮಲಗಿದರೆ ಪ್ರೋನ್. 2021ರ ಕೋವಿಡ್ ಎರಡನೇ ಅಲೆಯಲ್ಲಿ ಪ್ರೋನ್ ಅನ್ನುವುದು ಮನೆಮಾತಾಗಿತ್ತು. ಬೋರಲು ಮಲಗಿದಾಗ ಶ್ವಾಸಕೋಶದ ಹಿಂಭಾಗದ ಮೇಲಿನ ಒತ್ತಡ ಇಳಿದು ಅಲ್ಲಿಗೂ ಗಾಳಿ ಚೆನ್ನಾಗಿ ಹೋಗುತ್ತದೆ.

ಇನ್ನು ಪ್ಲೇನುಗಳು, ಅಂದರೆ ದೇಹವನ್ನು ಹೋಳು ಮಾಡುವ ಕಾಲ್ಪನಿಕ ಸಮತಲಗಳು. ಅವು ಮೂರೇ. ದೇಹವನ್ನು ಎಡ, ಬಲ ಮಾಡುವುದು ಸ್ಯಾಜಿಟಲ್. ಮುಂದೆ, ಹಿಂದೆ ಮಾಡುವುದು ಕೊರೋನಲ್. ಮೇಲೆ, ಕೆಳಗೆ ಮಾಡುವುದು ಟ್ರಾನ್ಸ್‌ವರ್ಸ್, ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಹಾಗೆ. ಅದನ್ನೇ ನಾವು ಆಕ್ಸಿಯಲ್ ಅನ್ನುತ್ತೇವೆ. ಚಲನೆ ಜೊತೆ ಸೇರಿಸಿಕೊಂಡರೆ ಮರೆಯುವುದಿಲ್ಲ: ಮಂಡಿ ಮಡಚುವುದು ಸ್ಯಾಜಿಟಲ್‌ನಲ್ಲಿ, ಕೈ ಪಕ್ಕಕ್ಕೆ ಎತ್ತುವುದು ಕೊರೋನಲ್‌ನಲ್ಲಿ, ಬೇಡ ಅಂತ ತಲೆ ಆಡಿಸುವುದು ಟ್ರಾನ್ಸ್‌ವರ್ಸ್‌ನಲ್ಲಿ. ಬೆನ್ನಿನ ಎಂಆರ್‌ಐಯಲ್ಲಿ ಸ್ಯಾಜಿಟಲ್ ನೋಡಿದರೆ ಯಾವ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಹಿಂದಕ್ಕೆ ಉಬ್ಬಿದೆ ಅಂತ ಸಲೀಸಾಗಿ ಗೊತ್ತಾಗುತ್ತದೆ. ಅದು ಎಡ ನರವನ್ನು ಒತ್ತುತ್ತಿದೆಯೋ ಬಲ ನರವನ್ನೋ ಅಂತ ತಿಳಿಯಲು ಆಕ್ಸಿಯಲ್ ನೋಡಬೇಕು. ವಾರ್ಡಿನಲ್ಲಿ ಪೋಸ್ಟೆರೋಲ್ಯಾಟರಲ್ ಅಂತ ಬರೆದ ರಿಪೋರ್ಟ್ ಸಿಕ್ಕರೆ ಹೆದರಬೇಡಿ. ಹಿಂದಕ್ಕೆ ಮತ್ತು ಪಕ್ಕಕ್ಕೆ ಅಂತ ಎರಡು ದಿಕ್ಕನ್ನು ಒಟ್ಟಿಗೆ ಹೇಳಿದ್ದಾರೆ, ಅಷ್ಟೇ.